ಹಿತ್ತಿಲಲ್ಲಿ ಹುಟ್ಟಿದ ವಿಮಾನ

ಗೃಹಸ್ಥನೊಬ್ಬನು ತನ್ನ ಮನೆಯ ಹಿತ್ತಿಲಿನಲ್ಲಿ ಕುಳಿತು ಕೈಯಾರೆ ಒಂದು ವಿಮಾನವನ್ನು ಕಟ್ಟಿ, ಭಾನುವಾರದ ಸಂಜೆ ಅದರ ಮೇಲೇರಿ ಒಂದು ಸುತ್ತು ಹಾರಿ ಬರುವನೆಂದರೆ ನಮ್ಮ ವಾಚಕರಲ್ಲಿ ಹಲವರು ನಗಬಹುದು. ನಗುವುದಕ್ಕೆ ಕಾರಣವೂ ಉಂಟು. ವಿಮಾನವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ನೂರಾರು ಮಂದಿಯನ್ನು ಹೊತ್ತು ಸಮುದ್ರಗಳನ್ನು ದಾಟುವ ಮಹಾಯಂತ್ರ. ಅದನ್ನು ಕಟ್ಟುವುದಕ್ಕೆ ದೊಡ್ಡ ಕಾರ್ಖಾನೆಗಳೇ ಬೇಕು. ಆದರೂ ಅಮೆರಿಕ, ಇಂಗ್ಲೆಂಡು ಮೊದಲಾದ ದೇಶಗಳಲ್ಲಿ ಗುಮಾಸ್ತರು, ಬೇಸಾಯಗಾರರು, ಮೋಟಾರು ರಿಪೇರಿಯವರು, ಉಪಾಧ್ಯಾಯರು, ಹೀಗೆ ನಮ್ಮ ನಿಮ್ಮಂತಹ ಜನರು ಕಳೆದ ಎಪ್ಪತ್ತು ವರ್ಷಗಳಿಂದ ಬಂಡಿಯ ಕೊಟ್ಟಿಗೆಯಷ್ಟು ಜಾಗದಲ್ಲಿ ಒಂದು ಬಗೆಯ ಹಾರುವ ಯಂತ್ರವನ್ನು ಕಟ್ಟಿಕೊಂಡು ಬಂದಿರುವುದು ಸತ್ಯವಾದ ಸಂಗತಿ. ಆ ಯಂತ್ರಕ್ಕೆ ಜೈರೊಪ್ಲೇನು ಎಂದು ಹೆಸರು. ಜೈರೊ ಎಂದು ಮೊಟಕಾಗಿಯೂ ಕರೆಯುವರು. ಅದನ್ನು ಕಟ್ಟಿ ಹಾರಿಸಿ ಸುಖಪಟ್ಟವರು ಬಹುಮಂದಿ. ಅದರಿಂದ ಪ್ರಾಣ ಕಳೆದುಕೊಂಡವರೂ ಅಲ್ಪಸಂಖ್ಯೆಯವರಲ್ಲ. ಎರಡನ್ನೂ ಹೇಳದಿದ್ದರೆ ಈ ವಿಷಯವನ್ನು ಹೇಳಿದಂತಾಗುವುದಿಲ್ಲವೆಂದು ನಮ್ಮ ಅಭಿಪ್ರಾಯ.

ನೋಡುವುದಕ್ಕೆ ಇದು ವಿಮಾನದಂತೆಯೂ ಇಲ್ಲ, ಹೆಲಿಕಾಪ್ಟರಿನಂತೆಯೂ ಇಲ್ಲ. ಮೂರು ಚಿಕ್ಕ ಗಾಲಿಗಳು. ಅವುಗಳ ಮೇಲೆ ಒಂದು ಕುರ್ಚಿ. ಕುರ್ಚಿಯ ಬೆನ್ನಿಗೆ ಒಂದು ಎಂಜಿನು. ಎಂಜಿನಿನ ಹಿಂದೆ ಗಾಳಿಯನ್ನು ಹಿಂದಕ್ಕೆ ತಳ್ಳುವ ಪ್ರೊಪೆಲ್ಲರು. ತಲೆಯ ಮೇಲೆ, ದೂರದಿಂದ ಒಂದೇ ಉದ್ದನೆಯ ಹಲಗೆಯಂತೆ ತೋರುವ ಎರಡು ತಿರುಗುರೆಕ್ಕೆಗಳು. ಬಾಲದಲ್ಲಿ ಒಂದು ಚುಕ್ಕಾಣಿ. ಇಷ್ಟೇ ಅದರ ಸರ್ವಸ್ವ. ಹಳೆಯ ಮಾದರಿಯ ಜೈರೊವಿನಲ್ಲಿ ಕುಳಿತವನ ಮುಂದೆ ಗಾಜಿಲ್ಲ, ಪಕ್ಕದಲ್ಲಿ ಬಾಗಿಲಿಲ್ಲ. ಪಾದಗಳ ನಡುವೆ ಭೂಮಿಯೇ ಕಾಣುತ್ತದೆ. ಜಾತ್ರೆಯ ತಿರುಗುವ ತೊಟ್ಟಿಲಿನಲ್ಲಿ ಮೇಲಕ್ಕೇರಿದಾಗ ಹೊಟ್ಟೆಯಲ್ಲಿ ಆಗುವ ಅನುಭವವನ್ನು ಸ್ಮರಿಸಿಕೊಂಡರೆ ಇದರ ರುಚಿ ಸ್ವಲ್ಪಮಟ್ಟಿಗೆ ತಿಳಿದೀತು.

ತಲೆಯ ಮೇಲೆ ತಿರುಗುವ ರೆಕ್ಕೆಯನ್ನು ಕಂಡು ಇದೊಂದು ಚಿಕ್ಕ ಹೆಲಿಕಾಪ್ಟರೆಂದು ಭ್ರಮಿಸುವುದು ಸಹಜ. ಆದರೆ ಇವೆರಡಕ್ಕೂ ಮೂಲದಲ್ಲಿಯೇ ಭೇದವಿದೆ. ಹೆಲಿಕಾಪ್ಟರಿನ ರೆಕ್ಕೆಯನ್ನು ಎಂಜಿನು ತಿರುಗಿಸುತ್ತದೆ. ಜೈರೊವಿನ ರೆಕ್ಕೆಯನ್ನು ಹಾರುವಾಗ ಯಾರೂ ತಿರುಗಿಸುವುದಿಲ್ಲ. ಅದು ಗಾಳಿಯಿಂದ ತಾನೇ ತಿರುಗುತ್ತದೆ. ನಮ್ಮ ಹಳ್ಳಿಯ ಹುಡುಗರು ತೆಂಗಿನ ಗರಿಯನ್ನು ಮಡಿಸಿ, ನಡುವೆ ಜಾಲಿಯ ಮುಳ್ಳನ್ನು ಚುಚ್ಚಿ, ಗಿರಿಗಿಟ್ಟಲೆ ಮಾಡಿಕೊಂಡು ಓಡುವುದನ್ನು ನೋಡದವರಾರು? ಹುಡುಗನು ಓಡುತ್ತಾನೆ, ಗಾಳಿ ಎದುರಾಗುತ್ತದೆ, ಗಿರಿಗಿಟ್ಟಲೆ ತಿರುಗುತ್ತದೆ. ಜೈರೊವಿನ ಎಂಜಿನು ಮಾಡುವ ಕೆಲಸವು ಹುಡುಗನ ಕಾಲಿನ ಕೆಲಸ. ಅದು ಯಂತ್ರವನ್ನು ಮುಂದಕ್ಕೆ ನೂಕುತ್ತದೆ, ಅಷ್ಟೆ. ತಿರುಗುರೆಕ್ಕೆಯ ಚಕ್ರವು ಸ್ವಲ್ಪ ಹಿಂದಕ್ಕೆ ಒರಗಿರುವುದರಿಂದ ಎದುರುಗಾಳಿಯು ಅದರ ಕೆಳಗಿನಿಂದ ಹೊಕ್ಕು ಮೇಲಕ್ಕೆ ಹಾಯುತ್ತದೆ. ಹಾಯುವಾಗ ರೆಕ್ಕೆಯ ನಡುಭಾಗವನ್ನು ಮುಂದಕ್ಕೆ ಎಳೆದು ತಿರುಗಿಸುತ್ತದೆ. ತಿರುಗುವ ರೆಕ್ಕೆಯು ಯಂತ್ರವನ್ನು ಎತ್ತಿ ಹಿಡಿಯುತ್ತದೆ.

ಇದರಿಂದ ಒಂದು ದೊಡ್ಡ ಲಾಭವುಂಟು. ಎಂಜಿನು ಆಕಾಶದಲ್ಲಿ ನಿಂತುಹೋದರೂ ತಿರುಗುರೆಕ್ಕೆ ನಿಲ್ಲುವುದಿಲ್ಲ. ಯಂತ್ರವು ಇಳಿಯತೊಡಗುತ್ತದೆ; ಇಳಿಯುವಾಗ ಗಾಳಿ ಮತ್ತೆ ಕೆಳಗಿನಿಂದಲೇ ಬರುತ್ತದೆ; ರೆಕ್ಕೆ ತಿರುಗುತ್ತಲೇ ಇರುತ್ತದೆ. ಮಹಾಗನಿ ಮರದ ಕಾಯಿ ಒಡೆದಾಗ ಒಂಟಿರೆಕ್ಕೆಯ ಬೀಜವು ಗಿರ್ರನೆ ಸುತ್ತುತ್ತ ನಿಧಾನವಾಗಿ ನೆಲಕ್ಕೆ ಬರುವುದನ್ನು ಬೆಂಗಳೂರಿನ ಸಾಲುಮರಗಳ ಕೆಳಗೆ ನಡೆದವರು ಕಂಡಿರಬಹುದು. ಆ ಬೀಜಕ್ಕೆ ಎಂಜಿನು ಎಲ್ಲಿದೆ? ಸಾಮಾನ್ಯ ವಿಮಾನವು ಒಂದು ಮಿತಿಗಿಂತ ನಿಧಾನವಾದರೆ ಅದರ ರೆಕ್ಕೆ ಗಾಳಿಯ ಮೇಲಣ ಹಿಡಿತವನ್ನು ಕಳೆದುಕೊಂಡು ಕಲ್ಲಿನಂತೆ ಕುಸಿಯುವ ಅಪಾಯವಿದೆ. ಜೈರೊವಿಗೆ ಆ ಅಪಾಯವಿಲ್ಲ. ಅದು ಹುಟ್ಟಿದ್ದೇ ಆ ಅಪಾಯವನ್ನು ನೀಗುವುದಕ್ಕಾಗಿ.

ಹುಟ್ಟಿಸಿದವನು ಸ್ಪೇಯಿನ್ ದೇಶದ ಹುವಾನ್ ದೆ ಲಾ ಸಿಯೆರ್ವಾ ಎಂಬ ಎಂಜಿನಿಯರು. ೧೮೯೫ರಲ್ಲಿ ಮುರ್ಸಿಯಾ ಎಂಬಲ್ಲಿ ಜನಿಸಿದ ಈತನು ಎಳೆಯ ವಯಸ್ಸಿನಲ್ಲಿಯೇ ವಿಮಾನಗಳನ್ನು ಕಟ್ಟಿದನು. ೧೯೧೯ರಲ್ಲಿ ಈತನು ಕಟ್ಟಿದ ಮೂರು ಎಂಜಿನಿನ ದೊಡ್ಡ ವಿಮಾನವು ಪರೀಕ್ಷೆಯ ಕಾಲದಲ್ಲಿ ನೆಲದ ಹತ್ತಿರ ವೇಗ ಕುಂದಿದ್ದರಿಂದ ಕುಸಿದು ನಾಶವಾಯಿತು. ನಿಧಾನವಾಗಿ ಹಾರಿದರೂ ಬೀಳದ ಯಂತ್ರವೊಂದು ಬೇಕೆಂದು ಆತನಿಗೆ ಅಂದೇ ಮನಸ್ಸಿಗೆ ಹತ್ತಿತು. ರೆಕ್ಕೆ ಸದಾ ಗಾಳಿಯಲ್ಲಿ ಚಲಿಸುತ್ತಿದ್ದರೆ ಯಂತ್ರದ ಒಡಲು ನಿಧಾನವಾದರೇನು? ಇದೇ ಆತನ ಯೋಚನೆ. ಆದರೆ ಮೊದಲಿನ ಮೂರು ಯಂತ್ರಗಳೂ ನೆಲವನ್ನು ಬಿಡುವ ಹೊತ್ತಿಗೆ ಪಕ್ಕಕ್ಕೆ ಮಗುಚಿಕೊಂಡುವು. ಕಾರಣವನ್ನು ವಿಚಾರಿಸಿದರೆ ಸ್ಪಷ್ಟವಾಗಿದೆ. ಯಂತ್ರವು ಮುಂದಕ್ಕೆ ಹೋಗುವಾಗ ಒಂದು ಪಕ್ಕದ ರೆಕ್ಕೆ ಗಾಳಿಗೆ ಎದುರಾಗಿ ಬೀಸುತ್ತದೆ, ಇನ್ನೊಂದು ಪಕ್ಕದ್ದು ಗಾಳಿಯ ಜೊತೆಯಲ್ಲಿಯೇ ಹಿಂದಕ್ಕೆ ಸರಿಯುತ್ತದೆ. ಎದುರಾದದ್ದು ಹೆಚ್ಚು ಎತ್ತುತ್ತದೆ, ಹಿಂದೆ ಸರಿಯುವುದು ಕಡಿಮೆ ಎತ್ತುತ್ತದೆ. ತಕ್ಕಡಿ ಒಂದು ಕಡೆಗೆ ವಾಲುತ್ತದೆ.

ವಿಚಿತ್ರವೆಂದರೆ, ಆತನು ಮೊದಲು ಮಾಡಿದ್ದ ಚಿಕ್ಕ ಆಟಿಕೆಯ ಮಾದರಿ ಮಾತ್ರ ಮಗುಚಿಕೊಳ್ಳದೆ ಚೆನ್ನಾಗಿ ಹಾರಿತ್ತು! ಮಾದರಿಯ ರೆಕ್ಕೆಗೆ ಬೆತ್ತದ ಕಡ್ಡಿಯನ್ನು ಹಾಕಿದ್ದನು; ಬೆತ್ತವು ಬಳುಕುತ್ತಿತ್ತು. ದೊಡ್ಡ ಯಂತ್ರದ ರೆಕ್ಕೆಯನ್ನು ಬಳುಕದಂತೆ ಬಿಗಿದಿದ್ದನು. ಬೆತ್ತದ ಬಳುಕಿನಲ್ಲಿಯೇ ಗುಟ್ಟಿದೆಯೆಂದು ಕಂಡುಕೊಂಡು ಆತನು ರೆಕ್ಕೆಯ ಬುಡಕ್ಕೆ ಬಾಗಿಲಿನ ಕೀಲಿನಂತಹ ಒಂದು ಕೀಲನ್ನು ಕೂಡಿಸಿದನು. ಹೆಚ್ಚು ಎತ್ತುವ ರೆಕ್ಕೆ ತಾನೇ ಮೇಲಕ್ಕೇಳುತ್ತದೆ, ಕಡಿಮೆ ಎತ್ತುವುದು ತಾನೇ ಕೆಳಗಿಳಿಯುತ್ತದೆ. ಯಂತ್ರದ ಒಡಲಿಗೆ ಆ ತೊಡಕು ತಟ್ಟುವುದಿಲ್ಲ. ೧೯೨೩ರ ಜನವರಿಯಲ್ಲಿ ಮ್ಯಾಡ್ರಿಡ್ ನಗರದ ಹತ್ತಿರ ಆತನ ನಾಲ್ಕನೆಯ ಯಂತ್ರವು ಹಾರಿತು. ಕೆಲವೇ ದಿನಗಳಲ್ಲಿ, ನೆಲದಿಂದ ಸ್ವಲ್ಪವೇ ಎತ್ತರದಲ್ಲಿ ಅದರ ಎಂಜಿನು ನಿಂತುಹೋಯಿತು. ಬೇರೆ ಯಾವ ವಿಮಾನವಾದರೂ ಚೂರಾಗಬೇಕಾದ ಆ ಸಂದರ್ಭದಲ್ಲಿ ಇದು ಮೆಲ್ಲಗೆ ನೆಲಕ್ಕಿಳಿದು ಕುಳಿತಿತು. ೧೯೨೮ರ ಸೆಪ್ಟೆಂಬರಿನಲ್ಲಿ ಸಿಯೆರ್ವಾ ತಾನೇ ಚಾಲಕನಾಗಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿ ಪ್ಯಾರಿಸ್ಸಿಗೆ ಹೋದನು. ಇಂತಹವನು ೧೯೩೬ರ ಡಿಸೆಂಬರಿನಲ್ಲಿ, ಲಂಡನ್ನಿನ ಕ್ರಾಯ್ಡನ್ ನಿಲ್ದಾಣದಿಂದ ಮಂಜಿನಲ್ಲಿ ಹೊರಟ ಸಾಧಾರಣ ಪ್ರಯಾಣಿಕರ ವಿಮಾನವೊಂದರಲ್ಲಿ ಕುಳಿತಿದ್ದು, ಅದು ಮೇಲೇಳುತ್ತಲೇ ಅಪಘಾತಕ್ಕೀಡಾಗಿ ಮರಣಹೊಂದಿದನು. ಆಗ ಆತನಿಗೆ ನಲವತ್ತೊಂದು ವರ್ಷ.

ಸಿಯೆರ್ವಾನ ಯಂತ್ರಗಳು ಶ್ರೀಮಂತರ ಯಂತ್ರಗಳು. ಬಡವನ ಜೈರೊವಿನ ವಂಶಾವಳಿಯನ್ನು ಹುಡುಕಿದರೆ ನಾವು ಯುದ್ಧಕಾಲಕ್ಕೆ ಬರಬೇಕು, ಅದೂ ನಮ್ಮ ಹಿಂದೂ ಮಹಾಸಾಗರಕ್ಕೇ ಬರಬೇಕು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಜಲಾಂತರ್ಗಾಮಿ ಹಡಗುಗಳಿಗೆ ಒಂದು ಕೊರತೆಯಿತ್ತು. ನೀರಿನ ಮಟ್ಟದಲ್ಲಿರುವ ಹಡಗಿನಿಂದ ಬಹುದೂರ ಕಾಣುವುದಿಲ್ಲ. ಅದಕ್ಕಾಗಿ ಅವರು ಒಂದು ಮನುಷ್ಯ ಹೊರುವ ಗಾಳಿಪಟವನ್ನು ಮಾಡಿದರು. ಎಂಜಿನಿಲ್ಲದ, ಮೂರು ತಿರುಗುರೆಕ್ಕೆಗಳ, ಬಿಚ್ಚಿ ಕೊಳವೆಗಳಲ್ಲಿ ತುಂಬಿಡಬಹುದಾದ ಪುಟ್ಟ ಯಂತ್ರವದು. ಹಡಗು ನೀರಿನ ಮೇಲೆ ವೇಗವಾಗಿ ಹೋಗುವಾಗ ಹಗ್ಗ ಕಟ್ಟಿ ಬಿಟ್ಟರೆ ಒಬ್ಬ ನಾವಿಕನನ್ನು ಹೊತ್ತು ನೂರಾರು ಅಡಿ ಮೇಲಕ್ಕೇರುತ್ತಿತ್ತು. ಅವನು ದುರ್ಬೀನು ಹಿಡಿದು ಸುತ್ತಲೂ ನೋಡಿ ಟೆಲಿಫೋನಿನಲ್ಲಿ ಸುದ್ದಿ ಹೇಳುತ್ತಿದ್ದನು. ೧೯೪೩ರ ಆಗಸ್ಟಿನಲ್ಲಿ ಮಡಗಾಸ್ಕರಿನ ಹತ್ತಿರ ಒಂದು ಗ್ರೀಕ್ ಹಡಗು ಹೀಗೆಯೇ ಕಣ್ಣಿಗೆ ಬಿದ್ದು ಮುಳುಗಿತು. ಶತ್ರುವಿನ ವಿಮಾನವೇನಾದರೂ ಕಾಣಿಸಿದರೆ ಹಡಗು ಮುಳುಗಿ ಅಡಗಬೇಕು. ಆಗ ಮೇಲಿದ್ದವನ ಗತಿಯೇನೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ರಾವುಲ್ ಹಾಫ್ನರ್ ಎಂಬ ಆಸ್ಟ್ರಿಯಾ ಮೂಲದವನು ಸೈನಿಕರನ್ನು ಆಕಾಶದಿಂದ ಇಳಿಸುವುದಕ್ಕಾಗಿ ಇಂತಹುದೇ ಒಂದು ತಿರುಗುಕೊಡೆಯನ್ನು ಮಾಡಿದ್ದನು.

ಯುದ್ಧ ಮುಗಿದ ಮೇಲೆ ಈ ಎರಡು ಯಂತ್ರಗಳನ್ನೂ ಪರೀಕ್ಷಿಸಿ ನೋಡಿದವನು ಇಗೋರ್ ಬೆನ್ಸನ್. ೧೯೧೭ರಲ್ಲಿ ರಷ್ಯದ ರೊಸ್ತೊವ್ ನಗರದಲ್ಲಿ ಹುಟ್ಟಿ, ಅಮೆರಿಕಕ್ಕೆ ವಲಸೆ ಹೋಗಿ ಎಂಜಿನಿಯರಾದವನು. ಯುದ್ಧದ ಗಾಳಿಪಟವನ್ನು ಕಂಡು ಇದನ್ನು ಸಾಮಾನ್ಯ ಮನುಷ್ಯನ ವಿನೋದಕ್ಕೆ ಏಕೆ ತಿರುಗಿಸಬಾರದು ಎಂದು ಆಲೋಚಿಸಿದನು. ನಾರ್ತ್ ಕೆರೊಲೈನಾ ಪ್ರಾಂತದ ರ‍್ಯಾಲೆ ಊರಿನಲ್ಲಿ ಕಾರ್ಖಾನೆಯನ್ನು ತೆರೆದು, ಮೊದಲು ಮೋಟಾರು ಕಾರಿನ ಹಿಂದೆ ಹಗ್ಗ ಕಟ್ಟಿ ಎಳೆಯುವ ಎಂಜಿನಿಲ್ಲದ ಜೈರೊವನ್ನು ಮಾಡಿದನು. ೧೯೫೫ರ ಡಿಸೆಂಬರಿನಲ್ಲಿ ಎಂಜಿನು ಕೂಡಿಸಿ ಹಾರಿಸಿದನು. ೧೯೫೭ರಲ್ಲಿ ಅದನ್ನೇ ತಿದ್ದಿ ಬಿ-೮ಎಂ ಎಂಬ ಮಾದರಿಯನ್ನು ಹೊರತಂದನು. ಅದರ ತೂಕ ಸುಮಾರು ೨೫೦ ಪೌಂಡು, ತಿರುಗುರೆಕ್ಕೆಯ ಹರವು ೨೦ ಅಡಿ, ಸಾಧಾರಣ ಹಾರಾಟದ ವೇಗ ಗಂಟೆಗೆ ೬೦ ಮೈಲಿ. ಬೆನ್ಸನ್ ಮಾಡಿದ ಜಾಣತನವೇನೆಂದರೆ, ಯಂತ್ರವನ್ನು ಮಾರುವುದಕ್ಕಿಂತ ಅದರ ನಕ್ಷೆಯನ್ನೂ ಬಿಡಿಭಾಗಗಳನ್ನೂ ಮಾರಿದುದು. ಜನಪ್ರಿಯ ಪತ್ರಿಕೆಗಳಲ್ಲಿ ಜಾಹೀರಾತು ನೋಡಿ ನಕ್ಷೆಗಳನ್ನು ತರಿಸಿಕೊಂಡವರು ಸಾವಿರಾರು ಮಂದಿ. ೧೯೬೨ರಲ್ಲಿ ಇಂತಹವರಿಗೆಲ್ಲ ಒಂದು ಸಂಘವನ್ನೂ ಸ್ಥಾಪಿಸಿದನು. ಆತನು ತಾನೇ ಹಾರಿಸುತ್ತಿದ್ದ ಒಂದು ಜೈರೊವನ್ನು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಿಮಾನ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ.

ಆ ಮೊದಲ ಜೈರೊಗಳ ಎಂಜಿನಿನ ಕಥೆಯನ್ನು ಇಲ್ಲಿ ಹೇಳದೆ ಹೋಗಲಾರೆವು. ೭೨ ಅಶ್ವಶಕ್ತಿಯ ಮೆಕಲಕ್ ಎಂಜಿನು. ಗಾತ್ರದಲ್ಲಿ ಚಿಕ್ಕದು, ಶಕ್ತಿಯಲ್ಲಿ ದೊಡ್ಡದು, ಬೆಲೆ ಅಗ್ಗ. ಏಕೆ ಅಗ್ಗವೆಂದರೆ, ಸೈನ್ಯದವರು ತೋಪಿನ ಗುರಿ ಕಲಿಯುವುದಕ್ಕಾಗಿ ಹಾರಿಸುತ್ತಿದ್ದ ಚಾಲಕನಿಲ್ಲದ ವಿಮಾನಗಳಿಗೆಂದು ಅದನ್ನು ಮಾಡಿದ್ದರು. ಹೊಡೆದುರುಳಿಸುವುದಕ್ಕೆಂದೇ ಕಟ್ಟಿದ ವಿಮಾನದ ಎಂಜಿನಿಗೆ ದೀರ್ಘಾಯುಸ್ಸು ಏತಕ್ಕೆ? ಅದನ್ನು ಬೆನ್ನಿಗೆ ಕಟ್ಟಿಕೊಂಡು ಹಾರಿದ ಗೃಹಸ್ಥರು ಎಂಜಿನು ನಿಂತಾಗ ಇಳಿಯುವ ವಿದ್ಯೆಯನ್ನು ಬಲು ಬೇಗನೆ ಕಲಿತರು. ಆಮೇಲಿನ ಕಾಲದಲ್ಲಿ ಫೋಕ್ಸ್‌ವ್ಯಾಗನ್, ಸುಬಾರು ಮೊದಲಾದ ಕಾರುಗಳ ಎಂಜಿನುಗಳೂ, ಆಸ್ಟ್ರಿಯಾದ ರೋಟಾಕ್ಸ್ ಎಂಜಿನುಗಳೂ ಬಂದು ಈ ಕಷ್ಟವು ಬಹುಮಟ್ಟಿಗೆ ನಿವಾರಣೆಯಾಯಿತು.

ಈಗ ಕಟ್ಟುವ ಕೆಲಸಕ್ಕೆ ಬರೋಣ. ಅಸ್ಥಿಪಂಜರಕ್ಕೆ ಎರಡಂಗುಲ ಅಗಲದ ಚೌಕ ಅಲ್ಯೂಮಿನಿಯಂ ಕೊಳವೆಗಳು. ನೆಲಕ್ಕೆ ಸಮನಾಗಿ ಒಂದು ಬೆನ್ನೆಲುಬು, ಅದಕ್ಕೆ ಅಡ್ಡಲಾಗಿ ಹಿಂದಿನ ಗಾಲಿಗಳ ಅಚ್ಚು, ನೆಟ್ಟಗೆ ಮೇಲಕ್ಕೆ ಒಂದು ಕಂಬ. ಬೆಸುಗೆ ಇಲ್ಲ, ಎಲ್ಲವನ್ನೂ ತಗಡಿನ ಪಟ್ಟಿಗಳಿಂದಲೂ ಬೋಲ್ಟುಗಳಿಂದಲೂ ಬಿಗಿಯುವುದು. ಗರಗಸ, ಅರ, ಬೈರಿಗೆ, ಅಳತೆಪಟ್ಟಿ, ಇಷ್ಟಿದ್ದರೆ ಬಹುಪಾಲು ಕೆಲಸ ಸಾಗುತ್ತದೆ. ತಲೆಯ ಭಾಗದ ಕೆಲವು ತುಂಡುಗಳಿಗೆ ಮಾತ್ರ ಲೇತು ಬೇಕು. ಕೆಲಸ ಸುಲಭವೆಂದು ತೋರುತ್ತದೆ. ಆದರೆ ಇಲ್ಲಿ ನಯನಾಜೂಕು ಬೇಕಾದಷ್ಟು ಮನೆಯ ಬಾಗಿಲು ಮಾಡುವುದಕ್ಕೆ ಬೇಡ. ಕೊಳವೆಯ ಮೇಲೆ ಗುರುತು ಹಾಕುವುದಕ್ಕೆ ಸೂಜಿಯಿಂದ ಗೀಚಬಾರದು; ಗೀಟಿನ ದಾರಿಯಲ್ಲಿಯೇ ಕಾಲಕ್ರಮದಲ್ಲಿ ಬಿರುಕು ಹೊರಡುತ್ತದೆ. ಸೀಸದಕಡ್ಡಿಯೂ ಸಲ್ಲದು, ಅದರಲ್ಲಿಯ ಗ್ರಾಫೈಟು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ತೂತಿನ ಅಂಚನ್ನು ಅರದಿಂದ ನುಣುಪು ಮಾಡಬೇಕು. ಬೋಲ್ಟನ್ನು ಅತಿಯಾಗಿ ಬಿಗಿದರೆ ಕೊಳವೆ ನಗ್ಗುತ್ತದೆ, ಸಡಿಲ ಬಿಟ್ಟರೆ ಅಲುಗಾಡಿ ತೂತು ಮೊಟ್ಟೆಯಾಕಾರಕ್ಕೆ ಬರುತ್ತದೆ. ಬೋಲ್ಟುಗಳೂ ವಿಮಾನಕ್ಕೆಂದೇ ಮಾಡಿದವಾಗಿರಬೇಕು. ಪೇಟೆಯ ಕಬ್ಬಿಣದ ಅಂಗಡಿಯಲ್ಲಿ ತೂಗಿ ಕೊಡುವ ಬೋಲ್ಟನ್ನು ಹಾಕಿ ನಾಲ್ಕು ಕಾಸು ಉಳಿಸುವವನಿಗೆ ಈ ಹವ್ಯಾಸವು ಹೇಳಿದ್ದಲ್ಲ.

ಯಂತ್ರದ ಜೀವವಿರುವುದು ತಿರುಗುರೆಕ್ಕೆಯಲ್ಲಿ. ಸಿಯೆರ್ವಾನು ಒಂದೊಂದು ರೆಕ್ಕೆಗೂ ಒಂದೊಂದು ಕೀಲನ್ನು ಇಟ್ಟಿದ್ದನು. ಬೆನ್ಸನ್ನನ ಮಾದರಿಯಲ್ಲಿ ಎರಡು ರೆಕ್ಕೆಗಳೂ ಸೇರಿ ಒಂದೇ ದಂಡವಾಗಿ, ನಡುವೆ ಒಂದು ಬೋಲ್ಟಿನ ಮೇಲೆ ತಕ್ಕಡಿಯ ದಂಡದಂತೆ ತೂಗಾಡುತ್ತವೆ. ಮನೆಯಲ್ಲಿ ಕಟ್ಟುವವರು ಮೊದಮೊದಲು ಪ್ಲೈವುಡ್ಡಿನ ರೆಕ್ಕೆಗಳನ್ನೇ ಒಳಗೆ ಉಕ್ಕಿನ ಪಟ್ಟಿ ಕೂಡಿಸಿ ಮಾಡುತ್ತಿದ್ದರು; ಅನಂತರ ಅಲ್ಯೂಮಿನಿಯಂ ರೆಕ್ಕೆಗಳೂ ಗಾಜಿನ ನಾರಿನ ರೆಕ್ಕೆಗಳೂ ಬಂದುವು. ಈ ರೆಕ್ಕೆಯು ಹಾರಾಟದಲ್ಲಿ ನಿಮಿಷಕ್ಕೆ ಸುಮಾರು ೪೦೦ ಸುತ್ತು ತಿರುಗುತ್ತದೆ. ಲೆಕ್ಕ ಹಾಕಿ ನೋಡಿದರೆ ಇಪ್ಪತ್ತು ಅಡಿಯ ರೆಕ್ಕೆಯ ತುದಿಯು ಗಂಟೆಗೆ ೨೮೦ ಮೈಲಿಗೂ ಮಿಕ್ಕ ವೇಗದಲ್ಲಿ ಓಡುತ್ತಿರುತ್ತದೆ. ಒಂದೊಂದು ರೆಕ್ಕೆಯ ನಡುವಿನಲ್ಲಿರುವ ಒಂದು ಪೌಂಡು ತೂಕವು ೨೭೦ ಪೌಂಡಿನಷ್ಟು ಬಲದಿಂದ ಹೊರಕ್ಕೆ ಎಳೆಯುತ್ತಿರುತ್ತದೆ. ನಿಂತಾಗ ಬಾಳೆಯೆಲೆಯಂತೆ ಜೋತುಬೀಳುವ ರೆಕ್ಕೆ ತಿರುಗುವಾಗ ಸೆಟೆದು ನಿಲ್ಲುವುದಕ್ಕೆ ಈ ಎಳೆತವೇ ಕಾರಣ. ಆದುದರಿಂದ ಎರಡು ರೆಕ್ಕೆಗಳ ತೂಕದಲ್ಲಿ ಸ್ವಲ್ಪ ಹೆಚ್ಚುಕಡಮೆಯಾದರೂ ಇಡೀ ಯಂತ್ರವು ಸಾಣಿಗೆಯಂತೆ ಅದುರುತ್ತದೆ. ತೂಕ ಸರಿಯಾದರೂ ಸಾಲದು; ಎರಡು ರೆಕ್ಕೆಗಳೂ ಒಂದೇ ನೇರದಲ್ಲಿರಬೇಕು. ಇದಕ್ಕೆ ಹಳಬರು ಮಾಡುವ ಉಪಾಯ ಸರಳವಾದದ್ದು. ಒಂದು ತುದಿಯಿಂದ ಇನ್ನೊಂದು ತುದಿಗೆ ಸಣ್ಣ ದಾರವನ್ನು ಬಿಗಿಯಾಗಿ ಎಳೆದು ಕಟ್ಟುವುದು. ದಾರವು ನಡುವಣ ಬೋಲ್ಟಿನ ಸರಿಮಧ್ಯದ ಮೇಲೆ ಹಾಯದಿದ್ದರೆ ರೆಕ್ಕೆ ಸೊಟ್ಟಗಿದೆಯೆಂದರ್ಥ. ರಂಗೋಲಿಯ ಚುಕ್ಕೆಗೆ ದಾರ ಹಿಡಿಯುವ ನಮ್ಮ ಹೆಣ್ಣುಮಕ್ಕಳು ಈ ಕೆಲಸವನ್ನು ಗಂಡಸರಿಗಿಂತ ಚೆನ್ನಾಗಿ ಮಾಡಬಲ್ಲರೆಂದು ನಮಗೆ ತೋರುತ್ತದೆ.

ಅಮೆರಿಕದ ಕಾಯಿದೆಯಲ್ಲಿ ಇಂತಹ ಸ್ವಂತ ನಿರ್ಮಾಣಕ್ಕೆ ಒಂದು ಸೊಗಸಾದ ನಿಯಮವಿದೆ. ವಿದ್ಯಾಭ್ಯಾಸಕ್ಕಾಗಿಯೋ ವಿನೋದಕ್ಕಾಗಿಯೋ ಒಬ್ಬನು ಯಂತ್ರದ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ತಾನೇ ಮಾಡಿದ್ದರೆ ಅದನ್ನು ಹವ್ಯಾಸಿಯ ಕಟ್ಟಡವೆಂದು ಒಪ್ಪಿ, ಪರೀಕ್ಷಿಸಿ, ಹಾರಿಸುವುದಕ್ಕೆ ಅನುಮತಿ ಕೊಡುತ್ತಾರೆ. ಇನ್ನೂ ಹಗುರಾದ ಒಂಟಿಯಾಸನದ ಯಂತ್ರಗಳಿಗೆ, ಅಂದರೆ ೨೫೪ ಪೌಂಡಿಗಿಂತ ಕಡಿಮೆ ತೂಕವೂ ಐದು ಗ್ಯಾಲನ್ನಿಗೆ ಮೀರದ ಪೆಟ್ರೋಲೂ ಉಳ್ಳವಕ್ಕೆ, ಚಾಲಕನ ಪರವಾನಗಿಯೂ ಬೇಕಿಲ್ಲ. ಈ ಸ್ವಾತಂತ್ರ್ಯದ ವಿಷಯದಲ್ಲಿ ನಮಗೆ ಪೂರ್ಣ ಸಮಾಧಾನವಿಲ್ಲ; ಏಕೆಂಬುದು ಮುಂದೆ ತಿಳಿಯುತ್ತದೆ.

ಹಾರಿಸುವ ಕ್ರಮ ಹೀಗೆ. ಚಾಲಕನು ಯಂತ್ರವನ್ನು ಗಾಳಿಗೆ ಎದುರಾಗಿ ನಿಲ್ಲಿಸಿ, ಕುಳಿತಲ್ಲಿಂದಲೇ ಕೈಯೆತ್ತಿ ತಿರುಗುರೆಕ್ಕೆಯನ್ನು ಬೀಸುಕಲ್ಲಿನಂತೆ ತಳ್ಳಿ ತಳ್ಳಿ ತಿರುಗಿಸುತ್ತಾನೆ. ಹೊಸ ಯಂತ್ರಗಳಲ್ಲಿ ಈ ಒಂದು ಕೆಲಸಕ್ಕೆ ಮಾತ್ರ ಎಂಜಿನಿನ ನೆರವು ದೊರೆಯುತ್ತದೆ. ಬಳಿಕ ಹಿಡಿಕೋಲನ್ನು ಪೂರ್ಣವಾಗಿ ಹಿಂದಕ್ಕೆಳೆದು, ರೆಕ್ಕೆಯ ಚಕ್ರಕ್ಕೆ ಗಾಳಿ ಚೆನ್ನಾಗಿ ಹೊಗುವಂತೆ ಮಾಡಿ, ನಿಧಾನವಾಗಿ ಓಡಿಸುತ್ತಾನೆ. ಇಲ್ಲಿ ಅವಸರ ಕೂಡದು. ರೆಕ್ಕೆಯ ತಿರುಗು ಹೆಚ್ಚುವುದಕ್ಕೆ ಮೊದಲೇ ಯಂತ್ರವನ್ನು ವೇಗವಾಗಿ ಓಡಿಸಿದರೆ ಹಿಂದೆ ಸರಿಯುವ ರೆಕ್ಕೆ ಹಿಡಿತ ತಪ್ಪಿ ದಡಬಡನೆ ಬಡಿದುಕೊಂಡು ಬಾಲವನ್ನೋ ನೆಲವನ್ನೋ ಹೊಡೆಯುತ್ತದೆ. ತಿಂಗಳುಗಳ ದುಡಿಮೆ ಒಂದು ಕ್ಷಣದಲ್ಲಿ ಮುರಿಯುತ್ತದೆ. ತಾಳ್ಮೆಯಿಂದ ಹೋದವನಿಗೆ ಮುಂದಿನ ಗಾಲಿ ತಾನೇ ಎದ್ದು, ಹಿಂದಿನ ಎರಡು ಗಾಲಿಗಳ ಮೇಲೆ ಸ್ವಲ್ಪ ದೂರ ಓಡಿ, ಯಂತ್ರವು ನೆಲವನ್ನು ಬಿಡುತ್ತದೆ. ಮೇಲೆ ಹೋದ ಮೇಲೆ ಹಿಡಿಕೋಲನ್ನು ಬೆರಳ ತುದಿಯಿಂದ ಅಲುಗಿಸಿದರೆ ಸಾಕು. ತಲೆಯ ಮೇಲಣ ಚಕ್ರವೇ ಆ ಕಡೆಗೆ ಒರಗಿ ಯಂತ್ರವನ್ನು ಒಯ್ಯುತ್ತದೆ. ಹೊಲದ ಬದುಗಳು, ಕೆರೆಯ ಏರಿ, ಬೇಲಿಯ ಹಸುರು ಎಲ್ಲವೂ ಕಾಲ ಕೆಳಗೆ ನಿಧಾನವಾಗಿ ಸರಿಯುತ್ತವೆ. ಇಳಿಯುವಾಗ ನೆಲದ ಹತ್ತಿರ ಹಿಡಿಕೋಲನ್ನು ಹಿಂದಕ್ಕೆಳೆದರೆ ವೇಗವೆಲ್ಲ ಕರಗಿ, ಯಂತ್ರವು ನಾಲ್ಕು ಹೆಜ್ಜೆ ಓಡುವುದರೊಳಗೆ ನಿಲ್ಲುತ್ತದೆ. ಬಲವಾದ ಗಾಳಿಯಿದ್ದರೆ ಕುಪ್ಪಳಿಸದೆ ಕುಳಿತುಬಿಡುವುದೂ ಉಂಟು.

ಇಷ್ಟು ಸುರಕ್ಷಿತವಾದ ಯಂತ್ರವು ಜನರನ್ನು ಕೊಂದುದು ಹೇಗೆ? ಈ ಪ್ರಶ್ನೆಗೆ ಬಹುಕಾಲದವರೆಗೆ ದೊರೆತ ಉತ್ತರವು, ಚಾಲಕನು ಅಜಾಗರೂಕನಾಗಿದ್ದನೆಂಬುದು. ಅದರಲ್ಲಿ ಸ್ವಲ್ಪ ನಿಜವಿಲ್ಲದಿಲ್ಲ. ನಕ್ಷೆ ತರಿಸಿಕೊಂಡು ಕಟ್ಟಿದವನಿಗೆ ಕಲಿಸುವ ಗುರುವಿರಲಿಲ್ಲ. ಯಂತ್ರದಲ್ಲಿ ಎರಡನೆಯ ಆಸನವಿರಲಿಲ್ಲ. ಕಾರಿನ ಹಿಂದೆ ಹಗ್ಗ ಕಟ್ಟಿ ಕಲಿಯಬೇಕೆಂದು ಬೆನ್ಸನ್ ಹೇಳಿದ್ದರೂ ಆತುರದವರು ನೇರವಾಗಿ ಎಂಜಿನು ಕಟ್ಟಿ ಹಾರಿದರು. ಸಾಮಾನ್ಯ ವಿಮಾನದ ಚಾಲಕರಂತೂ ತಮಗೆ ಎಲ್ಲವೂ ಗೊತ್ತೆಂದು ಹತ್ತಿ ಹೆಚ್ಚಿನ ಅಪಾಯಕ್ಕೆ ಗುರಿಯಾದರು. ವಿಮಾನ ನಿಧಾನವಾದರೆ ಹಿಡಿಕೋಲನ್ನು ಮುಂದಕ್ಕೆ ಒತ್ತಿ ಮೂಗನ್ನು ಕೆಳಗಿಳಿಸಬೇಕೆಂಬುದು ಅವರ ಕೈಗೆ ಹತ್ತಿದ ಅಭ್ಯಾಸ. ಆ ಅಭ್ಯಾಸವೇ ಜೈರೊವಿನಲ್ಲಿ ಮೃತ್ಯು. ಜೈರೊವಿನ ರೆಕ್ಕೆ ತಿರುಗುವುದು ಕೆಳಗಿನಿಂದ ಬರುವ ಗಾಳಿಯಿಂದ. ಹಿಡಿಕೋಲನ್ನು ಥಟ್ಟನೆ ಮುಂದಕ್ಕೊತ್ತಿದರೆ ಆ ಗಾಳಿ ಕಡಿದುಹೋಗುತ್ತದೆ, ರೆಕ್ಕೆಯ ಮೇಲಣ ಭಾರ ಇಳಿಯುತ್ತದೆ, ತಿರುಗು ಕುಂದುತ್ತದೆ. ಸೆಟೆದು ನಿಂತಿದ್ದ ರೆಕ್ಕೆ ಬಳುಕಿ, ಹಿಂದಿರುವ ಪ್ರೊಪೆಲ್ಲರನ್ನೋ ಬಾಲವನ್ನೋ ಕಡಿಯುತ್ತದೆ. ಜೈರೊವಿನಲ್ಲಿ ಕುಳಿತವನಿಗೆ ತನ್ನ ದೇಹದ ಭಾರವು ಕುರ್ಚಿಯ ಮೇಲೆ ಊರಿದೆಯೆಂಬ ಅನುಭವ ಎಂದೂ ತಪ್ಪಬಾರದು. ಕುರ್ಚಿಯಿಂದ ಹಗುರವಾಗಿ ಏಳುತ್ತಿರುವೆನೆಂದು ತೋರಿದರೆ ತಲೆಯ ಮೇಲಣ ರೆಕ್ಕೆಯೂ ಹಗುರಾಗಿದೆಯೆಂದೇ ತಿಳಿಯಬೇಕು. ಹೊಸಬನ ಇನ್ನೊಂದು ಕಷ್ಟವು ಸೈಕಲು ಕಲಿಯುವವನ ಕಷ್ಟದಂತಹುದು. ಯಂತ್ರವು ಕೈಗೆ ಸ್ವಲ್ಪ ತಡವಾಗಿ ಉತ್ತರಿಸುತ್ತದೆ. ತಡವನ್ನು ತಿಳಿಯದೆ ಅವನು ಮತ್ತಷ್ಟು ಒತ್ತುತ್ತಾನೆ, ಮೂಗು ಬಹಳ ಇಳಿಯಿತೆಂದು ಹೆದರಿ ಎಳೆಯುತ್ತಾನೆ. ಏರಿಳಿತವು ಅಲೆಯಲೆಯಾಗಿ ಹೆಚ್ಚುತ್ತದೆ. ಎಂಜಿನಿನ ವೇಗವನ್ನು ತಗ್ಗಿಸಿ, ಕೈಯನ್ನು ಅಲುಗಿಸದೆ ಹಿಡಿದರೆ ಯಂತ್ರವು ತಾನೇ ಶಾಂತವಾಗುತ್ತದೆ. ಹೆದರಿದವನಿಗೆ ಕೈ ಅಲುಗಿಸದಿರುವುದೇ ಬಹು ಕಠಿನ.

ಆದರೆ ಸತ್ತವರೆಲ್ಲರೂ ಹೊಸಬರಲ್ಲ. ೧೯೭೦ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋ ವಿಮಾನ ಪ್ರದರ್ಶನದಲ್ಲಿ ಸಾವಿರಾರು ಜನರ ಎದುರಿನಲ್ಲಿ ಒಂದು ಜೈರೊ ಮುರಿದುಬಿದ್ದು, ಹಲವು ಬಗೆಯ ವಿಮಾನಗಳನ್ನು ಪರೀಕ್ಷಿಸಿ ನುರಿತಿದ್ದ ಚಾಲಕನು ಪ್ರಾಣಬಿಟ್ಟನು. ಅಷ್ಟು ಪಳಗಿದವನಿಗೂ ಹೀಗಾಗುವುದಾದರೆ ದೋಷವು ಯಂತ್ರದಲ್ಲಿಯೂ ಇರಬೇಡವೆ ಎಂಬ ಪ್ರಶ್ನೆ ಏಳುತ್ತದೆ. ಹವ್ಯಾಸಿಗಳ ಜೈರೊಗಳ ವಿಷಯದಲ್ಲಿ ಈ ಪ್ರಶ್ನೆಗೆ ಶಾಸ್ತ್ರೀಯವಾದ ಉತ್ತರವು ದೊರೆತುದು ತೀರ ತಡವಾಗಿ. ಇಂಗ್ಲೆಂಡಿನ ವಿಮಾನಯಾನದ ಅಧಿಕಾರಿಗಳ ಕೋರಿಕೆಯಂತೆ ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಪಂಡಿತರು ೧೯೯೦ರ ದಶಕದಿಂದ ಮೊದಲ್ಗೊಂಡು ಜೈರೊಗಳನ್ನು ಅಳೆದು, ಹಾರಿಸಿ, ಗಣಿತದಿಂದ ಶೋಧಿಸಿದರು. ಅವರು ಕಂಡುದು, ಪ್ರೊಪೆಲ್ಲರು ತಳ್ಳುವ ಗೆರೆಗೂ ಯಂತ್ರದ ಭಾರಕೇಂದ್ರಕ್ಕೂ ಇ‌ರುವ ಎತ್ತರದ ಅಂತರವೇ ಮುಖ್ಯವೆಂಬುದನ್ನು. ನೀರು ತುಂಬಿದ ಎತ್ತರದ ಕೊಡವನ್ನು ನೆಲದ ಮೇಲೆ ಹೊಟ್ಟೆಯ ನೇರಕ್ಕೆ ನೂಕಿದರೆ ಸರಿಯುತ್ತದೆ. ಬಾಯಿಯ ಹತ್ತಿರ ನೂಕಿದರೆ ಮುಗ್ಗರಿಸುತ್ತದೆ. ಹಳೆಯ ಮಾದರಿಯ ಹಲವು ಜೈರೊಗಳಲ್ಲಿ ಕುರ್ಚಿ ತಗ್ಗಿನಲ್ಲಿ, ದೊಡ್ಡ ಪ್ರೊಪೆಲ್ಲರು ನೆಲಕ್ಕೆ ತಾಕದಿರಲೆಂದು ಎಂಜಿನು ಎತ್ತರದಲ್ಲಿ. ಬೇರೆ ಹೊತ್ತಿನಲ್ಲಿ ತಿರುಗುರೆಕ್ಕೆಯು ಯಂತ್ರವನ್ನು ಮೇಲಿನಿಂದ ಹಿಡಿದು ತೂಗುಹಾಕಿದಂತೆ ಕಾಪಾಡುತ್ತದೆ. ಗಾಳಿಯ ಹೊಯ್ಲಿನಿಂದಲೋ ಕೈಯ ತಪ್ಪಿನಿಂದಲೋ ರೆಕ್ಕೆ ಒಂದು ಕ್ಷಣ ಹಗುರಾಯಿತೆಂದರೆ, ಹಿಡಿದ ಕೈ ಬಿಟ್ಟಂತಾಗಿ, ಎತ್ತರದಿಂದ ನೂಕುವ ಎಂಜಿನು ಇಡೀ ಯಂತ್ರವನ್ನು ತಲೆಕೆಳಗಾಗಿ ಮುಂದಕ್ಕೆ ಮಗುಚಿಬಿಡುತ್ತದೆ. ಚಾಲಕನು ತಿಳಿದುಕೊಳ್ಳುವುದರೊಳಗೆ ಎಲ್ಲವೂ ಮುಗಿದಿರುತ್ತದೆ. ಹಿಂದೆ ಅಗಲವಾದ ಅಡ್ಡಬಾಲವಿದ್ದರೆ ಮೂಗಿನ ಏರಿಳಿತವು ಅಡಗುತ್ತದೆ. ಹಳೆಯ ನಕ್ಷೆಗಳಲ್ಲಿ ಆ ಬಾಲವಿಲ್ಲ, ಅಥವಾ ಹೆಸರಿಗೆ ಮಾತ್ರ ಒಂದು ಚಿಕ್ಕ ಹಲಗೆಯುಂಟು.

ಈ ಶೋಧನೆಯ ಫಲವಾಗಿ, ನೂಕುಗೆರೆಯು ಭಾರಕೇಂದ್ರದಿಂದ ಮೇಲಾಗಲಿ ಕೆಳಗಾಗಲಿ ಎರಡಂಗುಲಕ್ಕಿಂತ ದೂರವಿರಬಾರದೆಂದು ಇಂಗ್ಲೆಂಡಿನಲ್ಲಿ ನಿರ್ಬಂಧ ಬಂದಿತು. ತಮ್ಮ ಕೈಯಾರೆ ಕಟ್ಟಿದ ಯಂತ್ರವನ್ನು ಮಕ್ಕಳಂತೆ ಕಾಣುತ್ತಿದ್ದ ಹಳಬರಲ್ಲಿ ಇದರಿಂದ ಅಸಮಾಧಾನ ಹುಟ್ಟಿದ್ದು ಆಶ್ಚರ್ಯವಲ್ಲ. ನಾವು ಮಾತ್ರ ಅಂಗುಲದ ಪಕ್ಷದವರು. ಜೈರೊಗಳಲ್ಲಿ ಪಳಗಿದ ಕೈಯೆಂದರೆ ಏನೆಂಬುದಕ್ಕೆ ಇಂಗ್ಲೆಂಡಿನ ಕೆನ್ ವ್ಯಾಲಿಸ್ ಎಂಬಾತನೇ ಸಾಕ್ಷಿ. ಯುದ್ಧದಲ್ಲಿ ಬಾಂಬರು ವಿಮಾನಗಳನ್ನು ನಡೆಸಿ, ಆಮೇಲೆ ತನ್ನದೇ ಜೈರೊಗಳನ್ನು ರಚಿಸಿ, ೧೯೬೭ರ ಜೇಮ್ಸ್ ಬಾಂಡ್ ಚಿತ್ರದಲ್ಲಿ ನಟನ ಬದಲಾಗಿ ತಾನೇ ಹಾರಿಸಿ, ೧೯೭೫ರಲ್ಲಿ ಇಂಗ್ಲೆಂಡಿನ ದಕ್ಷಿಣ ತೀರದಿಂದ ಸ್ಕಾಟ್ಲೆಂಡಿನ ಉತ್ತರದ ತುದಿಯವರೆಗೆ ೮೭೪ ಕಿಲೋಮೀಟರು ದೂರವನ್ನು ಎಲ್ಲಿಯೂ ಇಳಿಯದೆ ಕ್ರಮಿಸಿ, ೨೦೧೩ರಲ್ಲಿ ತೊಂಬತ್ತೇಳು ವರ್ಷ ತುಂಬಿ ತೀರಿಕೊಂಡನು. ವ್ಯಾಲಿಸ್‌ನಂತಹ ಕೈ ಊರಿಗೊಂದು ಹುಟ್ಟುವುದಿಲ್ಲ. ಎರಡಂಗುಲದ ನಿಯಮವಿರುವುದು ಉಳಿದವರಿಗಾಗಿ.

ನಮ್ಮ ದೇಶದಲ್ಲಿ ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯದ ಅನುಮತಿಯಿಲ್ಲದೆ ಮನುಷ್ಯರನ್ನು ಹೊರುವ ಯಾವ ಯಂತ್ರವನ್ನೂ ಹಾರಿಸುವಂತಿಲ್ಲ. ಆದುದರಿಂದ ಇಂದು ಓದಿ ನಾಳೆ ಹಾರುವ ಮಾತು ಇಲ್ಲಿಲ್ಲ. ಆದರೆ ಹೊರದೇಶಗಳಲ್ಲಿ ನೆಲಸಿರುವ ನಮ್ಮವರ ಮಕ್ಕಳಲ್ಲಿ ಯಾರಿಗಾದರೂ ಈ ಆಸೆ ಹುಟ್ಟಿದರೆ, ಮನೆಯವರು ಬೇಡವೆನ್ನುವುದಕ್ಕೆ ಮೊದಲು ಕೆಲವು ಪ್ರಶ್ನೆಗಳನ್ನು ಕೇಳಬೇಕು. ಎರಡಾಸನದ ಜೈರೊವಿನಲ್ಲಿ ಗುರುವಿನ ಪಕ್ಕ ಕುಳಿತು ಕಲಿತೆಯಾ? ಬಾಲದಲ್ಲಿ ಅಡ್ಡ ಹಲಗೆ ಇದೆಯೆ, ಎಷ್ಟು ಅಗಲ? ಭಾರಕೇಂದ್ರ ಎಲ್ಲಿದೆಯೆಂದು ಅಳೆದೆಯಾ? ಅಳೆದಿಲ್ಲವೆಂದರೆ ಅಳೆಯುವ ಕ್ರಮವು ಅಂಗಳದಲ್ಲಿಯೇ ಮಾಡಬಹುದಾದದ್ದು. ಗಟ್ಟಿಯಾದ ತೊಲೆಗೆ ಹಗ್ಗ ಕಟ್ಟಿ, ಚಾಲಕನು ಹಾರುವಾಗ ಕೂರುವಂತೆಯೇ ಕುಳಿತು, ಹಾರುವಾಗ ಇರುವಷ್ಟೇ ಪೆಟ್ರೋಲು ತುಂಬಿ, ಯಂತ್ರವನ್ನು ತಲೆಯ ಕಡೆಯಿಂದ ತೂಗುಹಾಕಬೇಕು. ಹಗ್ಗದ ನೇರದಲ್ಲಿ ಗಾರೆಯವರ ತೂಕದ ಗುಂಡನ್ನು ಇಳಿಬಿಟ್ಟು, ದಾರ ಹಾಯುವ ಗೆರೆಯನ್ನು ಯಂತ್ರದ ಪಕ್ಕದಲ್ಲಿ ಗುರುತಿಸಬೇಕು. ಆಮೇಲೆ ಇನ್ನೊಂದು ಕಡೆಯಿಂದ ತೂಗುಹಾಕಿ ಇನ್ನೊಂದು ಗೆರೆಯನ್ನು ಗುರುತಿಸಬೇಕು. ಎರಡು ಗೆರೆಗಳು ಕೂಡುವ ಚುಕ್ಕೆಯೇ ಭಾರಕೇಂದ್ರ. ಆ ಚುಕ್ಕೆಯಿಂದ ಪ್ರೊಪೆಲ್ಲರಿನ ನಡುಗೆರೆಗೆ ಎಷ್ಟು ಅಂಗುಲವೆಂದು ಅಳತೆಪಟ್ಟಿಯನ್ನಿಟ್ಟು ಮನೆಯವರೇ ನೋಡಿಕೊಳ್ಳಬಹುದು.